ನೊರೆಯ ತಳ ಎಲ್ಲಿದೆ?

ಆಗಷ್ಟೇ ಕರೆದ ಹಾಲನ್ನು ಮನೆ ಬಾಗಿಲಲ್ಲಿ ಅಳೆದು ಕೊಡುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿರುತ್ತೀರಿ. ಪಾವು ಅಂಚಿನವರೆಗೆ ತುಂಬಿದಂತೆ ಕಾಣುತ್ತದೆ. ಆದರೆ ಮೇಲಿನ ಎರಡು ಬೆರಳಿನಷ್ಟು ಬರೀ ನೊರೆ. "ನೊರೆ ಇಳೀಲಿ, ಆಮೇಲೆ ಅಳಿಯಪ್ಪ" ಎಂದು ನಮ್ಮ ಅಜ್ಜಿ ಹಾಲಿನವನಿಗೆ ಹೇಳುತ್ತಿದ್ದರು. ಆ ಒಂದು ಮಾತಿನಲ್ಲಿ ಎರಡು ಸಂಗತಿಗಳಿವೆ. ಕಣ್ಣಿಗೆ ಕಾಣುವ ಮಟ್ಟ ಹಾಲಿನ ಮಟ್ಟವಲ್ಲ. ನಿಜವಾದ ಮಟ್ಟ ತಿಳಿಯಬೇಕಾದರೆ ನೊರೆ ಇಳಿಯುವವರೆಗೆ ಕಾಯಬೇಕು.

ನೊರೆ ಇಳಿಯಲೇಬಾರದು, ಆದರೂ ಅದರ ಕೆಳಗಿನ ದ್ರವದ ಮಟ್ಟವನ್ನು ಕ್ಷಣಕ್ಷಣಕ್ಕೂ ತಿಳಿಯುತ್ತಿರಬೇಕು ಎಂದರೆ ಏನು ಮಾಡುವಿರಿ? ಅದಿರಿನಿಂದ ತಾಮ್ರದಂಥ ಲೋಹಗಳ ಖನಿಜವನ್ನು ಬೇರ್ಪಡಿಸುವ ಕಾರ್ಖಾನೆಗಳಲ್ಲಿ ಹಗಲೂ ರಾತ್ರಿ ಎದುರಾಗುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಭೌತವಿಜ್ಞಾನದ ಮೂರು ನಾಲ್ಕು ಅಧ್ಯಾಯಗಳೇ ನಮ್ಮ ಮುಂದೆ ತೆರೆದುಕೊಳ್ಳುತ್ತವೆ.

ಬ್ರಹ್ಮಗಿರಿಯಿಂದ ಇಂಗಳದಾಳಿಗೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಎಂದೊಡನೆ ನೆನಪಾಗುವುದು ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸಂದೇಶ ಅದರಲ್ಲಿದೆ. ಅದೇ ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಕೆಳಗಿನ ಪದರಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ತಾಮ್ರ ಅಥವಾ ಕಂಚಿನ ಕೆಲವೇ ಕೆಲವು ವಸ್ತುಗಳೂ ಸಿಕ್ಕವು. ಅದರ ಮೇಲಿನ ಬೃಹತ್ ಶಿಲಾಯುಗದ ಪದರದಲ್ಲಿ ಕಬ್ಬಿಣ ಕಾಣಿಸಿಕೊಂಡಿತು.

ಆ ಕಾಲದ ಜನ ಲೋಹ ತೆಗೆಯುತ್ತಿದ್ದುದು ಕಣ್ಣಿಗೆ ಕಾಣುವ, ಕೈಯಿಂದ ಆರಿಸಬಹುದಾದ ಒಳ್ಳೆಯ ಅದಿರಿನಿಂದ. ಅಂಥ ಅದಿರು ಎಲ್ಲೆಡೆ ಬಹುಪಾಲು ಮುಗಿದುಹೋಗಿದೆ. ಈಗ ತಾಮ್ರದ ಗಣಿಗಳಲ್ಲಿ ನೂರು ಕಿಲೋ ಕಲ್ಲು ಒಡೆದರೆ ಅದರಲ್ಲಿ ಒಂದು ಕಿಲೋದ ಆಸುಪಾಸು ಲೋಹ ಇದ್ದರೂ ಸಾಕು ಎನ್ನುವಂತಾಗಿದೆ. ಇದೇ ಚಿತ್ರದುರ್ಗ ಜಿಲ್ಲೆಯ ಇಂಗಳದಾಳಿನಲ್ಲಿ ಹಳೆಯ ಕಾಲದವರು ಅಗೆದ ಗುರುತುಗಳಿವೆ. ಅಲ್ಲಿಯೇ ಇಪ್ಪತ್ತನೆಯ ಶತಮಾನದಲ್ಲಿ ತಾಮ್ರದ ಗಣಿ ನಡೆಯಿತು. ಹಟ್ಟಿ ಚಿನ್ನದ ಗಣಿ ಕಂಪನಿಯ ತಾಮ್ರ ಘಟಕವಾಗಿದ್ದ ಅದು ಈಗ ನಿಂತಿದೆ. ಅಲ್ಲಿಯ ಮುಖ್ಯ ತಾಮ್ರ ಖನಿಜ ಚಾಲ್ಕೊಪೈರೈಟ್. ಹಿತ್ತಾಳೆಯಂತೆ ಹೊಳೆಯುವ ಈ ಖನಿಜದ ತೂಕದಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು ತಾಮ್ರ. ಉಳಿದದ್ದು ಕಬ್ಬಿಣ ಮತ್ತು ಗಂಧಕ. ಆದರೆ ಅದು ಬಂಡೆಯ ತುಂಬ ಸಣ್ಣ ಸಣ್ಣ ಕಣಗಳಾಗಿ ಹರಡಿರುತ್ತದೆ. ಅದನ್ನು ಕೈಯಿಂದ ಆರಿಸುವುದು ಸಾಧ್ಯವೇ ಇಲ್ಲ. ಆರಿಸುವ ಕೆಲಸವನ್ನು ನಾವು ಗುಳ್ಳೆಗಳಿಗೆ ಒಪ್ಪಿಸುತ್ತೇವೆ.

ಗುಳ್ಳೆ ಆರಿಸುವ ಬಗೆ

ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಕಡಲೆಕಾಯಿ ಎಣ್ಣೆ ಹತ್ತಿದ ಕೈಯನ್ನು ಬರೀ ನೀರಿನಲ್ಲಿ ತೊಳೆದು ನೋಡಿ. ನೀರು ಕೈಗೆ ಹಿಡಿಯುವುದಿಲ್ಲ, ಹನಿಹನಿಯಾಗಿ ಜಾರಿ ಹೋಗುತ್ತದೆ. ಕೆಲವು ಮೇಲ್ಮೈಗಳು ನೀರನ್ನು ಒಲ್ಲವು, ಕೆಲವು ಒಲಿಯುತ್ತವೆ. ಅದಿರನ್ನು ಹಿಟ್ಟಿನಂತೆ ಅರೆದು, ನೀರು ಬೆರೆಸಿ ರಾಡಿ ಮಾಡಿ, ಅದಕ್ಕೆ ಕ್ಸ್ಯಾಂಥೇಟ್ ಎಂಬ ರಾಸಾಯನಿಕವನ್ನು ತುಸುವೇ ಸೇರಿಸಿದರೆ ಅದರ ಅಣುಗಳು ತಾಮ್ರದ ಖನಿಜಕ್ಕೆ ಮಾತ್ರ ಅಂಟಿಕೊಂಡು, ಅದರ ಮೇಲ್ಮೈ ನೀರನ್ನು ಒಲ್ಲದಂತೆ ಮಾಡುತ್ತವೆ. ಸಿಲಿಕದ ಮರಳು ಎಂದಿನಂತೆ ನೀರಿಗೆ ಒಲಿದೇ ಇರುತ್ತದೆ.

ಈಗ ರಾಡಿಯನ್ನು ಕಲಕುತ್ತ ಕೆಳಗಿನಿಂದ ಗಾಳಿ ಊದಬೇಕು. ನೀರನ್ನು ಒಲ್ಲದ ಕಣ ಗುಳ್ಳೆಗೆ ಡಿಕ್ಕಿ ಹೊಡೆದರೆ ಅಲ್ಲೇ ಅಂಟಿಕೊಂಡು, ಗುಳ್ಳೆಯ ಜೊತೆ ಮೇಲೇರುತ್ತದೆ. ಮರಳಿನ ಕಣ ಹಾಗೆ ಅಂಟದೆ ಕೆಳಗೇ ಉಳಿಯುತ್ತದೆ. ಮೇಲೆ ಬಂದ ಗುಳ್ಳೆ ತಕ್ಷಣ ಒಡೆದರೆ ಹೊತ್ತು ತಂದ ಖನಿಜ ಮತ್ತೆ ಮುಳುಗುತ್ತದೆ. ಆದ್ದರಿಂದ ನೊರೆ ಸ್ವಲ್ಪ ಹೊತ್ತು ನಿಲ್ಲಬೇಕು. ಬರೀ ನೀರನ್ನು ಸೀಸೆಯಲ್ಲಿ ಕುಲುಕಿದರೆ ಗುಳ್ಳೆಗಳು ಆಗಲೇ ಮಾಯವಾಗುತ್ತವೆ; ಅಂಟುವಾಳ ನೆನೆಸಿದ ನೀರನ್ನು ಕುಲುಕಿದರೆ ನೊರೆ ನಿಲ್ಲುತ್ತದೆ. ಅಂಟುವಾಳ ಮಾಡುವ ಈ ಕೆಲಸವನ್ನು ಕಾರ್ಖಾನೆಗಳಲ್ಲಿ ಪೈನ್ ಎಣ್ಣೆಯಂಥ ವಸ್ತುಗಳಿಂದ ಮಾಡಿಸುತ್ತಾರೆ.

ಇದು ನೊರೆ ತೇಲುವಿಕೆ ವಿಧಾನ. ಕಾರ್ಖಾನೆಯವರ ಮಾತಿನಲ್ಲಿ ಫ್ಲೊಟೇಶನ್. ಜರ್ಮನಿಯ ಬೆಸೆಲ್ ಸಹೋದರರು 1877ರಲ್ಲಿ ಗ್ರ್ಯಾಫೈಟನ್ನು ಹೀಗೆ ಶುದ್ಧಮಾಡಲು ಪೇಟೆಂಟ್ ಪಡೆದಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು.

ಲೆಕ್ಕ ನೋಡಿ. ನೂರಕ್ಕೆ ಒಂದರಷ್ಟು ತಾಮ್ರವಿರುವ ಒಂದು ಟನ್ ಅದಿರಿನಲ್ಲಿ 10 ಕಿಲೋ ತಾಮ್ರ ಇರುತ್ತದೆ. ಅದರಲ್ಲಿ 9 ಕಿಲೋ ನೊರೆಯೊಡನೆ ಹೊರಬಂದು, ಹಾಗೆ ಬಂದ ಪುಡಿಯಲ್ಲಿ ತಾಮ್ರದ ಪಾಲು ನೂರಕ್ಕೆ 25 ಇದ್ದರೆ ಆ ಪುಡಿಯ ತೂಕ 36 ಕಿಲೋ. ಕುಲುಮೆಗೆ ಹೋಗಬೇಕಾದದ್ದು 1000 ಕಿಲೋ ಅಲ್ಲ, ಬರೀ 36 ಕಿಲೋ!

ಎರಡು ಮೇಲ್ಮೈಗಳು

ಈಗ ತೊಟ್ಟಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಕೆಳಗೆ ರಾಡಿ, ಅದರ ಮೇಲೆ ನೊರೆಯ ಹಾಸು. ನೊರೆ ತೊಟ್ಟಿಯ ಅಂಚಿನ ಮೇಲಿಂದ ಹರಿದು ದೋಣಿಗೆ ಬೀಳುತ್ತದೆ. ಹಾಗಾಗಿ ನೊರೆಯ ಮೇಲಿನ ಮಟ್ಟ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಅದು ಅಂಚಿನ ಮಟ್ಟ. ಅದನ್ನು ಅಳೆದು ಹೆಚ್ಚಿನ ಪ್ರಯೋಜನವಿಲ್ಲ. ಏರಿಳಿಯುವುದು ನೊರೆಯ ತಳ, ಎಂದರೆ ರಾಡಿ ಮತ್ತು ನೊರೆ ಸಂಧಿಸುವ ಮೇಲ್ಮೈ. ಅದು ಕಣ್ಣಿಗೆ ಕಾಣುವುದಿಲ್ಲ. 'ನೊರೆಯ ಮಟ್ಟ ಅಳೆಯುವುದು' ಎಂದು ನಾವು ಹೇಳುವಾಗ ನಿಜಕ್ಕೂ ಅಳೆಯಬೇಕಾದದ್ದು ನೊರೆಯ ಅಡಿಯಲ್ಲಿ ಅಡಗಿರುವ ಈ ಗಡಿಯನ್ನು.

ನೊರೆಯ ದಪ್ಪಕ್ಕೆ ಏಕೆ ಇಷ್ಟು ಮಹತ್ವ? ಗುಳ್ಳೆಗಳು ಮೇಲೇರುವಾಗ ತಮ್ಮ ನಡುವೆ ಸ್ವಲ್ಪ ರಾಡಿ ನೀರನ್ನೂ ಎಳೆದು ತರುತ್ತವೆ. ಅದರಲ್ಲಿ ಮರಳಿನ ಪುಡಿ ಇರುತ್ತದೆ. ನೊರೆಯ ಹಾಸು ದಪ್ಪವಾಗಿದ್ದರೆ ಈ ನೀರು ಸೋಸಿ ಕೆಳಗಿಳಿಯಲು ಸಮಯ ಸಿಗುತ್ತದೆ. ಅಂಚು ದಾಟುವ ನೊರೆ ಶುದ್ಧವಾಗಿರುತ್ತದೆ. ಆದರೆ ದಪ್ಪ ಹೆಚ್ಚಾದಷ್ಟೂ ದಾರಿಯಲ್ಲಿ ಒಡೆಯುವ ಗುಳ್ಳೆಗಳು ಹೆಚ್ಚು. ಖನಿಜ ಮರಳಿ ಬಿದ್ದು ಕಸದೊಡನೆ ಹೋಗಬಹುದು. ಹಾಸು ತೆಳುವಾದರೆ ಖನಿಜ ಬೇಗ ಹೊರಬರುತ್ತದೆ, ಜೊತೆಗೆ ಮರಳೂ ಬರುತ್ತದೆ. ತೀರ ತೆಳುವಾದರೆ ರಾಡಿಯೇ ಅಂಚು ದಾಟಿ, ಅರೆದು ಬೇರ್ಪಡಿಸಿದ ಶ್ರಮವೆಲ್ಲ ವ್ಯರ್ಥ.

ದಿನಕ್ಕೆ 500 ಟನ್ ಅದಿರು ಅರೆಯುವ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳಿ. ನೂರಕ್ಕೆ ಒಂದರ ಲೆಕ್ಕದಲ್ಲಿ ಒಳಬರುವ ತಾಮ್ರ 5000 ಕಿಲೋ. ಅದರಲ್ಲಿ ನೂರಕ್ಕೆ ಎರಡರಷ್ಟು ಹೆಚ್ಚಾಗಿ ಕಸದ ಪಾಲಾದರೆ ದಿನಕ್ಕೆ 100 ಕಿಲೋ, 300 ದಿನಕ್ಕೆ 30 ಟನ್. ಆ ತಾಮ್ರಕ್ಕಾಗಿ ಬಂಡೆ ಸಿಡಿಸಿದ್ದಾಗಿದೆ, ವಿದ್ಯುತ್ತು ಸುಟ್ಟು ಅರೆದದ್ದಾಗಿದೆ, ನಮ್ಮ ಬಯಲುಸೀಮೆಯಂಥ ಕಡೆ ನೀರು ಕೂಡ ಖರ್ಚಾಗಿದೆ. ಕೊನೆಗೆ ಲೋಹ ಮಾತ್ರ ಕಸದ ಗುಡ್ಡ ಸೇರಿತು. ಕೆಲವು ಸೆಂಟಿಮೀಟರ್ ನೊರೆಯ ಅಳತೆಯಲ್ಲಿ ಇಷ್ಟೆಲ್ಲ ಅಡಗಿದೆ.

ಒತ್ತಡ ಹೇಳುವ ಮಾತು

ದ್ರವದ ಮಟ್ಟ ಅಳೆಯಲು ಎಲ್ಲಕ್ಕಿಂತ ಸುಲಭದ ಉಪಾಯ ಒತ್ತಡವನ್ನು ಅಳೆಯುವುದು. ಆಳ, ಸಾಂದ್ರತೆ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧವೇ ಒತ್ತಡ ಎಂಬುದನ್ನು ಪ್ರೌಢಶಾಲೆಯಲ್ಲೇ ಓದಿದ್ದೀರಿ. ತೊಟ್ಟಿಯ ಅಂಚಿನಿಂದ 100 ಸೆಂ.ಮೀ. ಕೆಳಗೆ ಒಂದು ಒತ್ತಡಮಾಪಕ ಇಟ್ಟಿದ್ದೇವೆ ಎನ್ನೋಣ. ರಾಡಿಯ ಸಾಂದ್ರತೆ ನೀರಿನ 1.20ರಷ್ಟು, ನೊರೆಯದು 0.30ರಷ್ಟು ಇರಲಿ. ನೊರೆಯ ದಪ್ಪ 20 ಸೆಂ.ಮೀ. ಇದ್ದಾಗ ರಾಡಿಯ ಎತ್ತರ 80 ಸೆಂ.ಮೀ. ಒಟ್ಟು ಒತ್ತಡ 80 × 1.20 + 20 × 0.30, ಎಂದರೆ 102 ಸೆಂ.ಮೀ. ನೀರಿನ ಒತ್ತಡಕ್ಕೆ ಸಮ. ಮಾಪಕ 102 ತೋರಿಸಿದಾಗ 'ನೊರೆ 20 ಸೆಂ.ಮೀ.' ಎಂದು ಬರೆದುಕೊಂಡು, ಒತ್ತಡ ಅಷ್ಟರಲ್ಲೇ ನಿಲ್ಲುವಂತೆ ತೊಟ್ಟಿಯ ಕೆಳಗಿನ ಕವಾಟವನ್ನು ತಾನಾಗಿ ತೆರೆದು ಮುಚ್ಚುವ ಏರ್ಪಾಡು ಮಾಡಿದರೆ ಕೆಲಸ ಮುಗಿಯಿತಲ್ಲವೇ?

ಮುಗಿಯಲಿಲ್ಲ. ಅದಿರು ದಿನವೂ ಒಂದೇ ಬಗೆಯದಾಗಿರುವುದಿಲ್ಲ, ರಾಡಿಗೆ ಬೆರೆಯುವ ನೀರೂ ಅಷ್ಟೇ. ರಾಡಿಯ ಸಾಂದ್ರತೆ 1.25ಕ್ಕೆ ಏರಿದರೆ, 102ರ ಒತ್ತಡ ಬರಬೇಕಾದರೆ ನೊರೆಯ ದಪ್ಪ 24 ಸೆಂ.ಮೀ. ಆಗಿರಬೇಕು. 1.15ಕ್ಕೆ ಇಳಿದರೆ 15 ಸೆಂ.ಮೀ. ನೀರು ತೀರ ಹೆಚ್ಚಾಗಿ 1.05ಕ್ಕೆ ಇಳಿದರೆ ಬರೀ 4 ಸೆಂ.ಮೀ.! ನೀವೇ ಲೆಕ್ಕ ಹಾಕಿ ನೋಡಿ. ಆದರೆ ಈ ಎಲ್ಲ ಸಂದರ್ಭಗಳಲ್ಲೂ ಮಾಪಕದ ಮುಖ 20 ಎಂದೇ ತೋರಿಸುತ್ತಿರುತ್ತದೆ.

ವಿದ್ಯಾರ್ಥಿಯಾಗಿದ್ದಾಗ ಒಂದು ಅದಿರು ಸಂಸ್ಕರಣ ಘಟಕವನ್ನು ನೋಡಲು ಹೋಗಿದ್ದೆ. ಮಾಪಕ ಸರಿಯಾದ ಮಟ್ಟವನ್ನೇ ತೋರಿಸುತ್ತಿತ್ತು. ಆದರೆ ಒಂದು ತೊಟ್ಟಿಯ ಅಂಚಿನಿಂದ ಬೂದುಬಣ್ಣದ ರಾಡಿ ಹರಿಯುತ್ತಿತ್ತು. ವಯಸ್ಸಾದ ಕೆಲಸಗಾರರೊಬ್ಬರು ಕೋಲೊಂದನ್ನು ನೇರವಾಗಿ ಅದ್ದಿ ಎತ್ತಿ, ರಾಡಿ ಮೆತ್ತಿಕೊಂಡಿದ್ದ ಗೆರೆಯನ್ನು ನೋಡಿ, ನೀರಿನ ನಲ್ಲಿಯ ಕಡೆ ನಡೆದರು. ಮೀಟರ್ ಕೆಟ್ಟಿದೆಯೇ ಎಂದು ಕೇಳಿದೆ. "ಮೀಟರ್ ಕೆಟ್ಟಿಲ್ಲ ತಮ್ಮಾ, ನೀರು ಜಾಸ್ತಿಯಾಗಿದ್ದು ಅದಕ್ಕೆ ಗೊತ್ತಿಲ್ಲ, ಅಷ್ಟೆ" ಎಂದರು. ಮಾಪನದ ಬಗ್ಗೆ ನಾನು ಕಲಿತ ಅತ್ಯುತ್ತಮ ಪಾಠ ಅದು. ಮಾಪಕ ಸುಳ್ಳು ಹೇಳಿರಲಿಲ್ಲ. ಅದು ಅಳೆದದ್ದು ಒತ್ತಡವನ್ನು; ಅದನ್ನು ದಪ್ಪ ಎಂದು ಓದಿಕೊಂಡವರು ನಾವು.

ಪರಿಹಾರವೂ ಇದೇ ಲೆಕ್ಕದಲ್ಲಿದೆ. ಒಂದರ ಬದಲು ಎರಡು ಮಾಪಕಗಳನ್ನು, 40 ಸೆಂ.ಮೀ. ಅಂತರದಲ್ಲಿ ಮೇಲೆ ಕೆಳಗೆ, ಎರಡೂ ರಾಡಿಯೊಳಗೇ ಇರುವಂತೆ ಇಡಿ. ಅವುಗಳ ಒತ್ತಡದ ವ್ಯತ್ಯಾಸ 48 ಸೆಂ.ಮೀ. ನೀರಿನಷ್ಟಿದ್ದರೆ ರಾಡಿಯ ಸಾಂದ್ರತೆ 1.20; 42 ಆದರೆ 1.05. ಹೀಗೆ ಸಾಂದ್ರತೆಯನ್ನು ಊಹಿಸುವ ಬದಲು ಅಳೆದೇ ತಿಳಿಯಬಹುದು. ಉಳಿಯುವುದು ನೊರೆಯ ಸಾಂದ್ರತೆ. ಅದು 0.30 ಎಂದುಕೊಂಡಿದ್ದು ನಿಜವಾಗಿ 0.40 ಇದ್ದರೆ ನಮ್ಮ ಉತ್ತರದಲ್ಲಿ ಸುಮಾರು 2 ಸೆಂ.ಮೀ. ದೋಷ ಬರುತ್ತದೆ. ಅದೂ ಬೇಡವೆಂದರೆ ಮೂರನೆಯ ಮಾಪಕವನ್ನು ನೊರೆಯೊಳಗೇ ಇಡಬೇಕು. ತಿಳಿಯದ ರಾಶಿಗಳು ಎಷ್ಟಿವೆಯೋ ಅಷ್ಟು ಸ್ವತಂತ್ರ ಅಳತೆಗಳು ಬೇಕು. ಬೀಜಗಣಿತದಲ್ಲಿ ಸಮೀಕರಣಗಳ ಬಗ್ಗೆ ಕಲಿತದ್ದೇ ಇಲ್ಲಿಯ ನಿಯಮ.

ತೇಲುವ ಚೆಂಡು

ಆರ್ಕಿಮಿಡೀಸನ ನಿಯಮವನ್ನು ನೇರವಾಗಿ ಬಳಸುವ ಉಪಾಯ ಇನ್ನೊಂದು. ನೊರೆಗಿಂತ ಭಾರವಾದ, ರಾಡಿಗಿಂತ ಹಗುರವಾದ ಚೆಂಡೊಂದನ್ನು ತೊಟ್ಟಿಗೆ ಬಿಟ್ಟರೆ ಅದು ನೊರೆಯಲ್ಲಿ ಮುಳುಗಿ, ರಾಡಿಯ ಮೇಲೆ ತೇಲುತ್ತದೆ. ನಮಗೆ ಬೇಕಾದ ಗಡಿಯಲ್ಲೇ ನಿಲ್ಲುತ್ತದೆ! ಚೆಂಡಿಗೆ ಉದ್ದನೆಯ ಕಂಬಿ, ಕಂಬಿಯ ತುದಿಗೆ ನೊರೆಯಿಂದ ಮೇಲೆ ಇರುವಂತೆ ಒಂದು ತಟ್ಟೆ ಜೋಡಿಸುತ್ತಾರೆ. ಇನ್ನೂ ಮೇಲೆ ಇಟ್ಟ ಶ್ರವಣಾತೀತ ಧ್ವನಿಯ ಸಾಧನ ತಟ್ಟೆಗೆ ಸ್ಪಂದಗಳನ್ನು ಕಳುಹಿಸಿ, ಪ್ರತಿಧ್ವನಿ ಬರಲು ಹಿಡಿದ ಸಮಯದಿಂದ ತಟ್ಟೆಯ ದೂರವನ್ನು ಲೆಕ್ಕ ಹಾಕುತ್ತದೆ.

ನೇರವಾಗಿ ನೊರೆಯ ಮೇಲೆಯೇ ಧ್ವನಿ ಕಳುಹಿಸಿದರೆ ಆಗದೇ? ಆಗದು. ಧ್ವನಿಯನ್ನು ಗುಳ್ಳೆಗಳು ಹೀರಿಕೊಂಡು ಚದುರಿಸುತ್ತವೆ. ಪ್ರತಿಧ್ವನಿ ಬಂದರೂ ಅದು ನೊರೆಯ ನೆತ್ತಿಯಿಂದ ಬಂದದ್ದು, ತಳದಿಂದಲ್ಲ. ಗುಳ್ಳೆ ತುಂಬಿದ ದ್ರವದಲ್ಲಿ ಧ್ವನಿಯ ನಡೆಯೇ ವಿಚಿತ್ರ. ಧ್ವನಿಯ ವೇಗ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1500 ಮೀಟರ್. ಆದರೆ ಗಾತ್ರದಲ್ಲಿ ಹತ್ತರಲ್ಲೊಂದು ಪಾಲು ಗಾಳಿಗುಳ್ಳೆ ಬೆರೆತ ನೀರಿನಲ್ಲಿ ಅದು ಸೆಕೆಂಡಿಗೆ 40 ಮೀಟರಿನ ಆಸುಪಾಸಿಗೆ ಕುಸಿಯುತ್ತದೆ. ಮಿಶ್ರಣ ನೀರಿನಷ್ಟೇ ಭಾರ, ಆದರೆ ಗಾಳಿಯಿಂದಾಗಿ ಸ್ಪಂಜಿನಂತೆ ಮೆತ್ತಗೆ. ಆದ್ದರಿಂದಲೇ ಈ ನಿಧಾನ.

ಚೆಂಡಿಗೂ ಅದರದೇ ತೊಂದರೆಗಳಿವೆ. ರಾಡಿ ಮೆತ್ತಿ ಒಣಗಿದರೆ ಭಾರವಾಗಿ ಮುಳುಗುತ್ತದೆ. ಕಂಬಿ ಸಿಕ್ಕಿಹಾಕಿಕೊಂಡರೆ ಅಲ್ಲೇ ನಿಲ್ಲುತ್ತದೆ. ಮಟ್ಟ ಬಹಳ ಸ್ಥಿರವಾಗಿದೆ ಎಂದು ನೋಡುವವರು ಸಂತೋಷಪಡುತ್ತಾರೆ! ದಿನವೂ ತೊಳೆಯುವುದೇ ಇದಕ್ಕೆ ಮದ್ದು.

ವಿದ್ಯುತ್ತಿನ ಸಾಕ್ಷಿ

ರಾಡಿಯ ನೀರಿನಲ್ಲಿ ಲವಣಗಳು ಕರಗಿರುವುದರಿಂದ ಅದು ವಿದ್ಯುತ್ತನ್ನು ಹರಿಯಗೊಡುತ್ತದೆ; ಗಾಳಿ ಹರಿಯಗೊಡುವುದಿಲ್ಲ. ಗುಳ್ಳೆಗಳಿರುವ ದ್ರವದ ವಾಹಕತೆ ಎಷ್ಟಿರಬೇಕೆಂಬ ಲೆಕ್ಕಕ್ಕೆ ಬೇಕಾದ ಸೂತ್ರವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲೇ ಕೊಟ್ಟಿದ್ದ. ಗಾಳಿಯ ಪಾಲು 0.15 ಇದ್ದರೆ ವಾಹಕತೆ ಗುಳ್ಳೆಯಿಲ್ಲದ ದ್ರವದ 0.79ರಷ್ಟು. ಗಾಳಿಯ ಪಾಲು 0.80 ಆದರೆ ಅದು 0.14ಕ್ಕೆ, ಎಂದರೆ ಏಳರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಮೊದಲನೆಯದು ರಾಡಿಯ ಸ್ಥಿತಿ, ಎರಡನೆಯದು ನೊರೆಯ ಸ್ಥಿತಿ ಎಂದುಕೊಳ್ಳಬಹುದು.

ಆದ್ದರಿಂದ ವಿದ್ಯುತ್ ನಿರೋಧಕ ಕೋಲೊಂದರ ಉದ್ದಕ್ಕೂ ಲೋಹದ ಬಳೆಗಳನ್ನು ತೊಡಿಸಿ ತೊಟ್ಟಿಯಲ್ಲಿ ನಿಲ್ಲಿಸಿ, ಪಕ್ಕಪಕ್ಕದ ಬಳೆಗಳ ನಡುವಿನ ವಾಹಕತೆಯನ್ನು ಒಂದಾದ ಮೇಲೊಂದರಂತೆ ಅಳೆದರೆ ಎಲ್ಲಿ ಅದು ತಟಕ್ಕನೆ ಬೀಳುತ್ತದೋ ಅಲ್ಲಿ ನೊರೆಯ ತಳ. ಆ ಕೆಲಸಗಾರರ ಕೋಲಿಗೆ ವಿದ್ಯುತ್ತಿನ ಕಣ್ಣು ಕೊಟ್ಟಂತೆ ಇದು. ಇನ್ನೊಂದು ಲಾಭವೂ ಇದೆ. ನೊರೆಯ ತಳ ಚಾಕುವಿನಲ್ಲಿ ಕೊಯ್ದಂತೆ ಇರುವುದಿಲ್ಲ. ಕೆಳಗೆ ದುಂಡನೆಯ ಒದ್ದೆ ಗುಳ್ಳೆಗಳು, ಮೇಲೆ ಹೋದಂತೆ ನೀರು ಸೋರಿ ಒಣಗಿದ, ಮುಖಮುಖವಾದ ಗುಳ್ಳೆಗಳು. ಬಳೆಗಳ ಸಾಲು ಈ ಇಡೀ ಬದಲಾವಣೆಯ ಚಿತ್ರವನ್ನೇ ಕೊಡುತ್ತದೆ. ಬಳೆಗಳ ಮೇಲೆ ಪಾಚಿಯಂತೆ ಪದರ ಕಟ್ಟುವುದು ಇದರ ಕೊರತೆ.

ಉದ್ದನೆಯ ಕೊಳವೆಯಂಥ ಫ್ಲೊಟೇಶನ್ ಕಾಲಮ್‌ಗಳಲ್ಲಿ ನೊರೆಯ ಹಾಸು ಒಂದು ಮೀಟರಿನಷ್ಟು ದಪ್ಪವೂ ಇರಬಹುದು; ಅದರ ಮೇಲೆ ನೀರು ಚಿಮುಕಿಸಿ ಮರಳನ್ನು ತೊಳೆಯುತ್ತಾರೆ. ಅಲ್ಲಿ ಗಡಿಯ ಅಳತೆಗೆ ಮತ್ತಷ್ಟು ಮಹತ್ವ. ನಮ್ಮ ಕುದುರೆಮುಖದ ಕಬ್ಬಿಣದ ಅದಿರು ಘಟಕದಲ್ಲಿ ಸಿಲಿಕವನ್ನು ಕಡಿಮೆ ಮಾಡಲು ಇಂಥ ಕಾಲಮ್‌ಗಳನ್ನು ಬಳಸಲಾಗಿತ್ತು. ಅಲ್ಲಿ ಎಲ್ಲವೂ ತಿರುವುಮುರುವು: ನೊರೆಯೊಡನೆ ತೇಲಿ ಹೋಗುತ್ತಿದ್ದುದು ಕಸ, ಕೆಳಗೆ ಉಳಿಯುತ್ತಿದ್ದುದು ಕಬ್ಬಿಣದ ಅದಿರು. 2005ರ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅಲ್ಲಿಯ ಗಣಿಗಾರಿಕೆ ನಿಂತಿತು.

ಈಚಿನ ವರ್ಷಗಳಲ್ಲಿ ತೊಟ್ಟಿಯ ಮೇಲೆ ಕ್ಯಾಮೆರಾ ಇಟ್ಟು, ಗುಳ್ಳೆಗಳ ಗಾತ್ರ, ಬಣ್ಣ, ಅಂಚು ದಾಟುವ ವೇಗಗಳನ್ನು ಗಣಕದಿಂದ ಎಣಿಸುವುದೂ ರೂಢಿಗೆ ಬಂದಿದೆ. ಆದರೆ ಕ್ಯಾಮೆರಾ ನೋಡುವುದು ನೆತ್ತಿಯನ್ನು. ತಳದ ಸುದ್ದಿಗೆ ಒತ್ತಡ, ಚೆಂಡು, ವಾಹಕತೆಗಳೇ ಬೇಕು. ಆದ್ದರಿಂದ ಒಳ್ಳೆಯ ಘಟಕದಲ್ಲಿ ಒಂದೇ ಸಾಧನವನ್ನು ನೆಚ್ಚುವುದಿಲ್ಲ. ಬೇರೆ ಬೇರೆ ತತ್ತ್ವಗಳ ಎರಡು ಮಾಪಕಗಳು ಒಂದೇ ಉತ್ತರ ಕೊಟ್ಟರೆ ನಂಬಿಕೆ ಹೆಚ್ಚುತ್ತದೆ. ಬೇರೆ ಉತ್ತರ ಕೊಟ್ಟರೆ ಎಲ್ಲೋ ಏನೋ ಬದಲಾಗಿದೆ ಎಂಬ ಎಚ್ಚರಿಕೆ ಸಿಗುತ್ತದೆ.

ನೀವೇ ಮಾಡಿ ನೋಡಿ

ಒಂದು: ಉದ್ದನೆಯ ಗಾಜಿನ ಲೋಟದಲ್ಲಿ ಅರ್ಧ ಅಂಟುವಾಳದ ನೀರು ತೆಗೆದುಕೊಂಡು ನೊರೆ ಬರುವಂತೆ ಕಡೆಯಿರಿ. ತಂಪು ಪಾನೀಯ ಹೀರುವ ಕೊಳವೆಯ ತುಂಡೊಂದರ ಎರಡೂ ತುದಿಗಳನ್ನು ಮೇಣದಿಂದ ಮುಚ್ಚಿ, ಕೆಳತುದಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ, ನೀರಿನಲ್ಲಿ ನೆಟ್ಟಗೆ ತೇಲುವಂತೆ ಮಾಡಿಕೊಳ್ಳಿ. ಅದನ್ನು ನೊರೆಯ ಮೇಲೆ ಬಿಟ್ಟರೆ ಎಲ್ಲಿಯವರೆಗೆ ಇಳಿಯುತ್ತದೆ? ಜೇಡಿಮಣ್ಣು ಹೆಚ್ಚಿಸಿದರೆ ನಿಮ್ಮ 'ಅಳತೆ' ಹೇಗೆ ತಪ್ಪುತ್ತದೆ?

ಎರಡು: ಪಿಂಗಾಣಿ ಬಟ್ಟಲಿನಲ್ಲಿ ಬಿಸಿನೀರಿಗೆ ಇನ್‌ಸ್ಟಂಟ್ ಕಾಫಿಪುಡಿ ಹಾಕಿ ಜೋರಾಗಿ ಕದಡಿ. ಚಮಚ ತೆಗೆದು, ಅದರಿಂದ ಬಟ್ಟಲಿನ ತಳವನ್ನು ಒಳಗಿನಿಂದ ಮತ್ತೆ ಮತ್ತೆ ತಟ್ಟಿ. ಮೊದಲು ತಗ್ಗಿದ ಸ್ವರ ಕೇಳುತ್ತದೆ. ಕ್ಷಣಗಳು ಕಳೆದಂತೆ ಸ್ವರ ಮೇಲೇರುತ್ತದೆ. ಗುಳ್ಳೆಗಳು ಹೊರಹೋದಂತೆ ಕಾಫಿಯಲ್ಲಿ ಧ್ವನಿಯ ವೇಗ ಹೆಚ್ಚುತ್ತಿರುವುದನ್ನು ನೀವು ಕಿವಿಯಿಂದಲೇ ಅಳೆಯುತ್ತಿದ್ದೀರಿ. ಬಿಸಿನೀರು, ಎಚ್ಚರವಿರಲಿ.

ಬ್ರಹ್ಮಗಿರಿಯ ಬುಡದಲ್ಲಿ ಬದುಕಿದ್ದವರಿಗೆ ತಾಮ್ರ ಅಪರೂಪದ ವಸ್ತು. ಒಂದು ಚೂರನ್ನೂ ಅವರು ಪೋಲು ಮಾಡಿರಲಾರರು. ನಮ್ಮ ಮನೆಯ ಗೋಡೆಯೊಳಗಿನ ತಂತಿಯಲ್ಲಿ ಅದು ಕಾಣದಂತೆ ಅಡಗಿ ಕುಳಿತಿರುವುದರಿಂದ ಅದರ ಬೆಲೆ ನಮಗೆ ಮರೆತಿದೆ. ಮುಂದಿನ ಸಲ ದೀಪದ ಗುಂಡಿ ಒತ್ತುವಾಗ ನೆನಪಿರಲಿ: ಆ ತಂತಿಯ ತಾಮ್ರ ಬಹುಮಟ್ಟಿಗೆ ಎಲ್ಲೋ ಒಂದು ತೊಟ್ಟಿಯಲ್ಲಿ ಗುಳ್ಳೆಯ ಬೆನ್ನೇರಿ ಬಂದದ್ದು. ಆ ನೊರೆಯ ತಳ ಎಲ್ಲಿದೆ ಎಂದು ಯಾರೋ ಒಬ್ಬರು ಸರಿಯಾಗಿ ಅಳೆದಿದ್ದರಿಂದ ಅದು ಕಸದ ಗುಡ್ಡ ಸೇರದೆ ನಿಮ್ಮ ಮನೆ ಸೇರಿದೆ.